ಕೆಂಪು ಮ್ಯಾಟಿನ ಕೆಳಗೆ

ನನ್ನ ವಾರಗಿತ್ತಿಯ ಬಲಗಾಲು ಮುರಿದದ್ದು ತರೀಕೆರೆಯಲ್ಲಿ, ಹಾಡುಹಗಲು, ವೇದಿಕೆಯ ಮೇಲೆ, ಮುಂದಿನ ಸಾಲಿನ ಸೋಫಾಗಳಲ್ಲಿ ದೊಡ್ಡವರೆಲ್ಲ ಕುಳಿತು ನೋಡುತ್ತಿರುವಾಗ. ಕಾಲು ಮುರಿಯಿತು ಎಂದು ಯಾರೂ ತಿಳಿಯಲಿಲ್ಲ. ಮೈಮೇಲೆ ದೇವರು ಬಂದ ಎಂದು ಕೈಮುಗಿದರು, ಇಬ್ಬರು ತೆಂಗಿನಕಾಯಿ ಒಡೆದರು. ಅದು ದೇವರಲ್ಲ, ಮೂಳೆ ಎಂದು ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ. ಯಾಕೆ ಮುರಿಯಿತು ಎಂಬುದು ನನಗೊಬ್ಬಳಿಗೇ ಗೊತ್ತು ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಅವಳು ದೊಡ್ಡ ಸೊಸೆ, ನಾನು ಚಿಕ್ಕವಳು. ನಮ್ಮದು ಕಡೂರು ತಾಲ್ಲೂಕು, ಹಿರೇನಲ್ಲೂರಿಗೆ ಹತ್ತಿರದ ಊರು. ನಮ್ಮ ಮಾವ ಐವತ್ತು ವರ್ಷ ವೀರಗಾಸೆ ಕುಣಿದವರು. ಅವರ ಗಂಡುಮಕ್ಕಳಿಬ್ಬರಿಗೂ ಕುಣಿತ ಹತ್ತಲಿಲ್ಲ. ಒಬ್ಬರಿಗೆ ಗೊಬ್ಬರದ ಅಂಗಡಿ, ಇನ್ನೊಬ್ಬರಿಗೆ ಟ್ರ್ಯಾಕ್ಟರು. ಇಬ್ಬರಿಗೂ ಹೊಟ್ಟೆ ಮುಂದೆ, ಕಾಲು ಹಿಂದೆ. ಕಾರ್ಯಕ್ರಮಗಳಿಗೆ ಹೆಂಗಸರ ತಂಡವೇ ಬೇಕು ಎಂದು ಜನ ಕೇಳಲು ಶುರುಮಾಡಿದಾಗ ಮಾವ ಸೊಸೆಯರ ಕಡೆ ತಿರುಗಿದರು. ನಾವಿಬ್ಬರು, ನಮ್ಮ ಬೀದಿಯ ಇನ್ನೂ ಆರು ಹೆಂಗಸರು, ಒಟ್ಟು ಎಂಟು ಜನರ ತಂಡ ಕಟ್ಟಿದರು.

ಕಲಿಸಿದ್ದು ಬೆತ್ತದಿಂದ. ಹೆಜ್ಜೆ ತಪ್ಪಿದರೆ ಮೊಣಕಾಲ ಕೆಳಗೆ, ಮೂಳೆಯ ಮೇಲೆ, ಲೆಕ್ಕವಾಗಿ ಒಂದೇ ಏಟು. ಮನೆಯಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯದ ಮನುಷ್ಯ ಕಣದಲ್ಲಿ ಮಾತ್ರ ದನಕ್ಕೆ ಹೊಡೆದ ಹಾಗೆ ಹೊಡೆಯುತ್ತಿದ್ದರು. ತಲೆಗೆ ಬಿಳಿ ಚವರಿ, ಎದೆಗೆ ಹಿತ್ತಾಳೆಯ ವೀರಭದ್ರನ ಮುಖ, ಬಲಗೈಯಲ್ಲಿ ಕತ್ತಿ, ಕಾಲಿಗೆ ಗಗ್ಗರ. ಇಷ್ಟು ಭಾರ ಹೊತ್ತು ಸಮಾಳ ವಾದ್ಯದ ಏಟಿಗೆ ಎದೆಯೆತ್ತರ ಹಾರಬೇಕು. ನಡುನಡುವೆ ಒಬ್ಬಳು ಮೈಕಿನ ಮುಂದೆ ನಿಂತು ಒಡಪು ಹೇಳಬೇಕು. ದಕ್ಷನು ಯಜ್ಞ ಮಾಡಿದ್ದು, ಶಿವನ ಜಡೆಯಿಂದ ವೀರಭದ್ರ ಹುಟ್ಟಿದ್ದು, ದಕ್ಷನ ತಲೆ ಹಾರಿದ್ದು, ಎಲ್ಲವನ್ನೂ ಗುಡುಗಿದ ಹಾಗೆ ಹೇಳುವುದು. ಆ ಕೆಲಸ ನನ್ನದು. ಮಾವನ ಒಂದು ಕಟ್ಟಳೆ ಇತ್ತು: ಒಡಪಿನವಳು ಕೊನೆಯ ‘ಹರಹರ’ ಹೇಳುವವರೆಗೆ ಆಟ ನಿಲ್ಲುವುದಿಲ್ಲ, ಯಾರು ಬಿದ್ದರೂ ಸರಿ, ಎದ್ದರೂ ಸರಿ.

ಬೀಳುವುದು ಏಳುವುದು ನಮಗೆ ಹೊಸದಾಗಿರಲಿಲ್ಲ. ದೇವನೂರಿನಲ್ಲಿ ಒಬ್ಬಳ ಕತ್ತಿಯ ತುದಿ ಪಕ್ಕದವಳ ಕಿವಿಗೆ ತಾಗಿ ಹಾಲೆ ಎರಡಾಗಿ ಸೀಳಿತು. ಮಾವ ವಿಭೂತಿ ಒತ್ತಿದರು, ಅವಳು ಕುಣಿದು ಮುಗಿಸಿದಳು. ಈಗಲೂ ಓಲೆಯನ್ನು ಸೀಳಿನ ಮೇಲೆ ಮಾಡಿಸಿದ ಹೊಸ ತೂತಿಗೆ ಹಾಕಿಕೊಳ್ಳುತ್ತಾಳೆ. ಕೆಮ್ಮಣ್ಣುಗುಂಡಿಯಲ್ಲಿ ಪ್ರವಾಸಿಗರ ಮುಂದೆ ಮಂಜು ಕುಡಿದ ಕಲ್ಲಿನ ಮೇಲೆ ಕುಣಿಯುವಾಗ ಇನ್ನೊಬ್ಬಳು ಜಾರಿ ಹಲ್ಲು ಮುರಿದುಕೊಂಡಳು. ನೋಡುತ್ತಿದ್ದವರು ನಕ್ಕರು, ಆಮೇಲೆ ಅವಳ ಕತ್ತಿ ಇಸಿದುಕೊಂಡು ಫೋಟೋ ತೆಗೆಸಿಕೊಂಡರು. ನಾವೂ ವಾಪಸು ಬರುವಾಗ ಟೆಂಪೋದಲ್ಲಿ ಅವಳ ಬೊಚ್ಚು ಬಾಯಿ ನೋಡಿ ನಕ್ಕೆವು. ಯಾರಿಗೂ ಪಾಪ ಎನ್ನಿಸಲಿಲ್ಲ, ಯಾಕೆಂದರೆ ನಮ್ಮಲ್ಲಿ ಗಾಯಕ್ಕೆ ಒಂದೇ ಅರ್ಥ. ಶುದ್ಧವಾಗಿ ಗಗ್ಗರ ಕಟ್ಟಿದವಳಿಗೆ ಏನೂ ಆಗುವುದಿಲ್ಲ. ಏನಾದರೂ ಆಯಿತು ಎಂದರೆ ಅವಳೇ ಏನೋ ತಪ್ಪು ಮಾಡಿದ್ದಾಳೆ.

ಈಗ ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ, ಅದನ್ನು ಬಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಏನೂ ಹೇಳಿದ ಹಾಗಾಗುವುದಿಲ್ಲ.

ಅಕ್ಕನ ಕಾಲು ದೇವರು ಕೊಟ್ಟ ಕಾಲು. ಅವಳು ಹಾರಿದರೆ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದಳು, ಸುಳ್ಳಲ್ಲ, ನಿಂತು ಕೆಳಗೆ ನೋಡಿ ಆಮೇಲೆ ಇಳಿಯುತ್ತಿದ್ದಳು. ನನಗೆ ಗಂಟಲು ಇತ್ತು. ಮೈಕಿಲ್ಲದೆ ಊರಾಚೆಯ ಗದ್ದೆಗೆ ಕೇಳುವ ಗಂಟಲು. ಆದರೆ ಗಂಟಲನ್ನು ಫೋಟೋ ತೆಗೆಯಲು ಬರುವುದಿಲ್ಲವಲ್ಲ. ಪೇಪರಿನಲ್ಲಿ ಬಂದದ್ದೆಲ್ಲ ಅವಳು ಗಾಳಿಯಲ್ಲಿರುವ ಚಿತ್ರ. ಒಂದು ಸಲ ಅಂಚಿನಲ್ಲಿ ನನ್ನ ಅರ್ಧ ಕತ್ತಿ ಬಂದಿತ್ತು. ಮಾವ ಆ ಪೇಪರಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ದಿನಾ ಕಸ ಗುಡಿಸುವಾಗ ಆ ಅರ್ಧ ಕತ್ತಿಯನ್ನು ನೋಡಿ ನನ್ನ ಮೈ ಉರಿಯುತ್ತಿತ್ತು. ಅಕ್ಕನೇನೂ ಬಾಯಿಸತ್ತವಳಲ್ಲ. ಹೋದ ಕಡೆಯಲ್ಲೆಲ್ಲ ಎಲ್ಲರ ಮುಂದೆ ಒಂದೇ ಮಾತು ಆಡಿ ನಗಿಸುತ್ತಿದ್ದಳು. ಆ ದಿನ ತರೀಕೆರೆಗೆ ಹೋಗುವಾಗಲೂ ಟೆಂಪೋದಲ್ಲಿ ಆಡಿದಳು.

“ನೀನು ಬಾಯಲ್ಲೇ ಕುಣಿ ಕಣೇ. ಕಾಲಿನ ಕೆಲ್ಸ ನಾನು ನೋಡ್ಕೋತೀನಿ.”

ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಅಕ್ಕನ ಮಗಳು, ಪಿಯುಸಿ ಓದುವವಳು, ಅಮ್ಮನ ಕುಣಿತವನ್ನು ಮೊಬೈಲಿನಲ್ಲಿ ತೆಗೆಯಲು ರಜೆ ಹಾಕಿ ನಮ್ಮ ಜೊತೆ ಬಂದಿದ್ದಳು. ಅವಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ನಮ್ಮನ್ನು ಏಳಕ್ಕೇ ಬನ್ನಿ ಎಂದಿದ್ದರು. ಉದ್ಘಾಟನೆಗೆ ಬರಬೇಕಾದವರು ಬಂದದ್ದು ಹತ್ತೂವರೆಗೆ. ಅಲ್ಲಿಯವರೆಗೆ ಬಣ್ಣ ಹಚ್ಚಿಕೊಂಡು, ಚವರಿ ಕಟ್ಟಿಕೊಂಡು, ಬಿಸಿಲಿನಲ್ಲಿ ಸಾಲಾಗಿ ನಿಂತೆವು. ಕೊನೆಗೆ ಮೈಕು ಸರಿಮಾಡಿಕೊಳ್ಳಿ ಎಂದರು. ಒಡಪಿನವಳು ನಾನಾದ್ದರಿಂದ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದೆ.

ಶಾಮಿಯಾನದವರು ಕಟ್ಟಿದ ವೇದಿಕೆ. ಕಬ್ಬಿಣದ ಸ್ಟ್ಯಾಂಡು, ಮೇಲೆ ಹಲಗೆ, ಹಲಗೆಯ ಮೇಲೆ ಕೆಂಪು ಮ್ಯಾಟು. ನಡುವಿನಿಂದ ಎರಡು ಹೆಜ್ಜೆ ಮುಂದೆ ನನ್ನ ಕಾಲು ಕುಸಿಯಿತು. ಎರಡು ಹಲಗೆ ಒಂದಕ್ಕೊಂದು ಕೂಡಿರಲಿಲ್ಲ. ಅಂಗೈ ಅಗಲದ ಸಂದಿ, ಮೇಲೆ ಮ್ಯಾಟು ಎಳೆದು ಮುಚ್ಚಿದ್ದರು. ಗಗ್ಗರ ಒಮ್ಮೆ ಝಲ್ ಎಂದಿತು. ನಾನು ಕಾಲು ಕಿತ್ತುಕೊಂಡು ಕೆಳಗೆ ನೋಡಿದೆ. ಮ್ಯಾಟು ಅಲ್ಲಿ ತಗ್ಗಾಗಿ, ನಿರಿಗೆಯಾಗಿತ್ತು. ಅದು ಅಕ್ಕ ನಿಲ್ಲುವ ಜಾಗ. ಅವಳು ಹಾರಿ ಇಳಿಯುವ ಜಾಗ.

ಒಂದು ಮಾತು ಸಾಕಾಗಿತ್ತು. ಶಾಮಿಯಾನದ ಹುಡುಗರು ಅಲ್ಲೇ ಕೆಳಗೆ ಟೀ ಕುಡಿಯುತ್ತಿದ್ದರು. ನಾನು ಕರೆಯಲಿಲ್ಲ. ಕಾಲಿನ ತುದಿಯಿಂದ ಮ್ಯಾಟಿನ ನಿರಿಗೆ ಎಳೆದು, ಬಿಗಿ ಮಾಡಿ, ತಗ್ಗು ಕಾಣದ ಹಾಗೆ ಸರಿಮಾಡಿ ಮೈಕಿನ ಕಡೆ ನಡೆದೆ. ನಾನು ಬಯಸಿದ್ದು ಇಷ್ಟು: ಅವಳು ಮುಗ್ಗರಿಸಲಿ. ಚವರಿ ಓರೆಯಾಗಲಿ. ಒಂದು ಸಲ ಜನ ಅವಳನ್ನು ನೋಡಿ ನಗಲಿ. ಮೂಳೆ ಮುರಿಯಲಿ ಎಂದು ಬಯಸಲಿಲ್ಲ ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಹಾರಿ ಇಳಿಯುವವಳ ಕಾಲ ಕೆಳಗೆ ಸಂದಿ ಇದ್ದರೆ ಏನಾಗುತ್ತದೆ ಎಂದು ತಿಳಿಯದಷ್ಟು ದಡ್ಡಿಯೇನೂ ನಾನಲ್ಲ.

ಮೂರನೆಯ ಒಡಪಿನವರೆಗೆ ಅವಳ ಕಾಲು ಆ ಜಾಗ ತಪ್ಪಿಸುತ್ತಲೇ ಇತ್ತು. ಒಂದು ಸಲ ಆಚೆ, ಒಂದು ಸಲ ಈಚೆ. ನಾನು ದಕ್ಷನ ಸೊಕ್ಕಿನ ಮಾತು ಹೇಳುತ್ತ ಅವಳ ಕಾಲನ್ನೇ ನೋಡುತ್ತಿದ್ದೆ. ವೀರಭದ್ರ ಹುಟ್ಟುವ ಒಡಪಿಗೆ ಸಮಾಳದವರು ಏಟು ಏರಿಸಿದರು, ಅವಳು ಹಾರಿದಳು, ಮೇಲೆ ಆ ಒಂದು ಗಳಿಗೆ ನಿಂತಳು, ಇಳಿದಳು. ಹಸಿಕೊಂಬೆ ಮುರಿದ ಸದ್ದು. ಮೈಕಿನ ಹತ್ತಿರ ಇದ್ದ ನನಗೆ ಅದು ಕೇಳಿಸಿತು.

ಅವಳು ಕೂಗಿದಳು. ಎಂಥ ಕೂಗು ಎಂದರೆ ಮುಂದಿನ ಸಾಲಿನವರು ಸೋಫಾ ಬಿಟ್ಟು ಎದ್ದು ನಿಂತರು. ಬಿದ್ದಲ್ಲೇ ಹೊರಳಾಡಿದಳು, ಕತ್ತಿ ಹಿಡಿದ ಕೈಯಿಂದ ಹಲಗೆಗೆ ಬಡಿದಳು, ಕಣ್ಣು ಮೇಲೆ ಹೋಗಿತ್ತು. ವೀರಭದ್ರ ಹುಟ್ಟಿದ ಎಂದು ನಾನು ಹೇಳಿದ ಸರಿ ಹೊತ್ತಿಗೇ ಇದು ಆದದ್ದು. ಇನ್ನೇನು ಬೇಕು? ಜನ ‘ಹರಹರ ಮಹಾದೇವ’ ಎಂದು ಎದ್ದರು. ಸಮಾಳದವರಿಗೆ ಹುಚ್ಚು ಹಿಡಿದ ಹಾಗಾಯಿತು. ದೇವರು ಬಂದಾಗ ವಾದ್ಯ ತಗ್ಗಿಸಬಾರದು, ಏರಿಸಬೇಕು, ಏರಿಸಿದರು. ಮಾವ ಕೆಳಗಿನಿಂದ ಓಡಿ ಬಂದು ಅವಳ ಹಣೆಗೆ, ಬಾಯಿಗೆ ವಿಭೂತಿ ಮೆತ್ತಿದರು. ಅವಳು ಕಾಲು, ಕಾಲು ಎನ್ನುತ್ತಿದ್ದಳು. ಬಾಯಿತುಂಬ ವಿಭೂತಿ, ಕಿವಿತುಂಬ ಸಮಾಳ, ಯಾರಿಗೆ ಕೇಳಬೇಕು? ಇಬ್ಬರು ಹೆಂಗಸರು ಅವಳ ಪಾದವನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ಪಾದವನ್ನು.

ಅವಳು ನನ್ನ ಕಡೆ ನೋಡಿದಳು. ಕಟ್ಟಳೆ ಅವಳಿಗೂ ಗೊತ್ತಿತ್ತು: ನಾನು ಹರಹರ ಎಂದರೆ ಎಲ್ಲ ನಿಲ್ಲುತ್ತದೆ. ನಾನು ಅವಳ ಕಾಲು ನೋಡಿದೆ, ಪಾದ ಇರಬಾರದ ಕಡೆಗೆ ತಿರುಗಿತ್ತು. ತಲೆಯೆತ್ತಿ ಜನರನ್ನು ನೋಡಿದೆ. ಎಲ್ಲರ ಕಣ್ಣು ಈಗ ನನ್ನ ಬಾಯಿಯ ಮೇಲಿತ್ತು. ದೇವರು ಬಂದಿದ್ದಾನೆ, ಒಡಪಿನವಳು ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದರು. ಜೀವಮಾನದಲ್ಲಿ ಅಷ್ಟು ಜನ ನನ್ನ ಬಾಯಿಯನ್ನು ಕಾದದ್ದಿಲ್ಲ. ನಾನು ಮುಂದಿನ ಒಡಪು ಎತ್ತಿದೆ. ಅದಾದ ಮೇಲೆ ಇನ್ನೊಂದು. ದಕ್ಷನ ತಲೆ ಹಾರುವವರೆಗೆ, ಮುಂಡಕ್ಕೆ ಆಡಿನ ತಲೆ ಕೂಡಿಸುವವರೆಗೆ ಹೇಳಿದೆ. ಅವತ್ತಿನಷ್ಟು ಚೆನ್ನಾಗಿ ನಾನು ಎಂದೂ ಹೇಳಿಲ್ಲ.

ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದ ಡಾಕ್ಟರು ಕೀಲು ಎರಡು ಕಡೆ ಹೋಗಿದೆ, ಆಮೇಲೆ ಎಳೆದಾಡಿ ಇನ್ನೂ ಕೆಡಿಸಿದ್ದೀರಿ ಎಂದು ಬೈದರು. ಗುಂಡಿಯೊಳಗೆ ಕಾಲಿಟ್ಟಿದ್ದರಾ ಎಂದು ಕೇಳಿದರು. ಮಾವ ನನ್ನ ಕಡೆ ತಿರುಗಿದರು.

“ನೀನಲ್ವೇನಮ್ಮ ಮೊದ್ಲು ಹತ್ತಿದ್ದು? ಮ್ಯಾಟಿನ ಕೆಳಗೆ ಏನಾದ್ರೂ ಇತ್ತಾ?”

“ಇಲ್ಲ ಮಾವ. ಸಮ ಇತ್ತು.”

ಅಕ್ಕ ಪಕ್ಕದ ಮಂಚದ ಮೇಲೆ ಇದ್ದಳು. ಇಂಜೆಕ್ಷನ್ನಿನ ಮಂಪರಿನಲ್ಲಿ ಅವಳಿಗೆ ಇದು ಕೇಳಿಸಿಲ್ಲ ಎಂದುಕೊಂಡೆ. ಸಂಜೆಯೊಳಗೆ ಶಾಮಿಯಾನದವರು ವೇದಿಕೆ ಬಿಚ್ಚಿಕೊಂಡು ಹೋಗಿದ್ದರು. ಹೋಗಿ ನೋಡುತ್ತೇವೆ ಎಂದವರಿಗೆ ನೋಡಲು ಏನೂ ಉಳಿದಿರಲಿಲ್ಲ.

ಆಮೇಲೆ ನಮ್ಮವರ ಲೆಕ್ಕಾಚಾರ ಶುರುವಾಯಿತು. ದೇವರು ಬಂದದ್ದು ನಿಜ, ಅಷ್ಟು ಜನ ಕಣ್ಣಾರೆ ಕಂಡಿದ್ದಾರೆ. ಮೂಳೆ ಮುರಿದದ್ದೂ ನಿಜ, ಡಾಕ್ಟರು ಚಿತ್ರ ತೋರಿಸಿದ್ದಾರೆ. ಹಾಗಾದರೆ ಬಂದ ದೇವರು ಮೂಳೆ ಯಾಕೆ ಮುರಿದ? ಮೈಲಿಗೆಯ ಮೈಗೆ ಬಂದ, ಅದಕ್ಕೆ. ತಂಡದ ಹೆಂಗಸರೇ ಮೊದಲು ಪಿಸುಗುಟ್ಟಿದರು, ಹೊರಗಾಗಿದ್ದಳೇನೋ, ಕುಣಿತದ ಆಸೆಗೆ ಮುಚ್ಚಿಟ್ಟಳೇನೋ ಎಂದು. ಮುಟ್ಟಿಗೆ ಮೈಲಿಗೆ ಇಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳುವಾಗ ಇದೇ ಹೆಂಗಸರು ಮುಂದೆ ಕುಳಿತು ತಲೆದೂಗುತ್ತಾರೆ. ಮಾವನೂ ತಲೆದೂಗುತ್ತಾರೆ. ಗಗ್ಗರದ ವಿಷಯಕ್ಕೆ ಬಂದರೆ ಮಾತ್ರ ಮಠ ಬೇರೆ, ಮನೆ ಬೇರೆ.

ಅಕ್ಕ ಇಲ್ಲ ಎಂದಳು. ಮಗಳ ತಲೆ ಮುಟ್ಟಿ ಇಲ್ಲ ಎಂದಳು. ತಲೆ ಮುಟ್ಟಿ ಆಣೆ ಮಾಡುವಷ್ಟಾದರೆ ಏನೋ ಇದೆ ಎಂದರು. ನನ್ನನ್ನು ಕೇಳಿದವರ ಮುಂದೆ ನಾನು ನಿಟ್ಟುಸಿರು ಬಿಟ್ಟೆ, ಅದು ಮಾತಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಆ ವಿಡಿಯೋ ಇಡೀ ತಾಲ್ಲೂಕು ಸುತ್ತಿತು. ಮಗಳು ತೆಗೆದದ್ದೇ. ಯಾರೋ ಅದರಲ್ಲಿ ಬೀಳುವ ಭಾಗವನ್ನಷ್ಟೇ ಕತ್ತರಿಸಿಕೊಂಡು, ವೀರಭದ್ರ ಮೈದುಂಬಿದ ಗಳಿಗೆ ಎಂದು ಮೇಲೆ ಬರೆದು ಬಿಟ್ಟಿದ್ದರು. ಕಡೂರಿನ ಬಸ್ಸಿನಲ್ಲಿ ನನ್ನ ಪಕ್ಕದವಳು ಅದನ್ನೇ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕನ ಆ ಕೂಗು ಮೊಬೈಲಿನಿಂದ ಕೇಳಿಸಿತು. ಆದರೂ ನನ್ನ ಒಡಪು ಎಲ್ಲಿಯವರೆಗೆ ಬಂದಿದೆ ಎಂದು ಬಗ್ಗಿ ನೋಡಿದೆ.

ಕಾಲಿನೊಳಗೆ ರಾಡು ಹಾಕಿದರು. ಅಕ್ಕ ನಾಲ್ಕು ತಿಂಗಳು ನಡುಮನೆಯ ಮಂಚದ ಮೇಲೆ ಮಲಗಿದಳು, ಎದುರಿಗೆ ಗೋಡೆಯ ಮೇಲೆ ತಾನು ಗಾಳಿಯಲ್ಲಿರುವ ಚಿತ್ರ. ಅವಳಿಗೆ ಊಟ ಕೊಟ್ಟವಳು ನಾನು, ತಲೆ ಬಾಚಿದವಳು ನಾನು, ಬೆಡ್‌ಪ್ಯಾನ್ ಎತ್ತಿದವಳೂ ನಾನೇ. ಊರಿನಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಅವಳು ಹಗಲೆಲ್ಲ ಮಗಳ ಮೊಬೈಲು ಹಿಡಿದು ಏನನ್ನೋ ನೋಡುತ್ತಿದ್ದಳು. ನಾನು ಹತ್ತಿರ ಹೋದರೆ ಕೆಳಗಿಡುತ್ತಿದ್ದಳು. ಆಗ ಅವಳಿಗೆ ಇದ್ದ ಆಸೆ ಒಂದೇ. ಕಾಲು ಸರಿಯಾಗಲಿ, ಇನ್ನೊಂದು ಸಲ ಗಗ್ಗರ ಕಟ್ಟಬೇಕು. ಹಾರದಿದ್ದರೂ ಸರಿ, ನಿಂತು ಹೆಜ್ಜೆ ಹಾಕುತ್ತೇನೆ ಎಂದು ಮಾವನನ್ನು ಕೇಳಿದಳು. ಮೈಲಿಗೆಯ ಮಾತು ಇರುವವರೆಗೆ ಗಗ್ಗರ ಮುಟ್ಟಿಸುವುದಿಲ್ಲ ಎಂದು ಮಾವ ಹೇಳಿದರು.

“ಹಂಗಾದ್ರೆ ಶಸ್ತ್ರ ಹಾಕಿ ಮಾವ,” ಎಂದಳು ಅಕ್ಕ.

ಶಸ್ತ್ರ ಎಂದರೆ ಉದ್ದನೆಯ ಕಬ್ಬಿಣದ ಸೂಜಿ. ಹರಕೆ ಹೊತ್ತವರು ವೀರಭದ್ರನ ಮುಂದೆ ಅದನ್ನು ಕೆನ್ನೆಗೆ ಚುಚ್ಚಿಸಿಕೊಳ್ಳುತ್ತಾರೆ, ಅದರ ಹಿಂದೆ ದಾರ ಎಳೆಸಿಕೊಳ್ಳುತ್ತಾರೆ. ಶುದ್ಧವಿದ್ದರೆ ಒಂದು ತೊಟ್ಟೂ ರಕ್ತ ಬರುವುದಿಲ್ಲ ಎಂಬುದು ನಂಬಿಕೆ. ಹಾಕುವ ಕೈ ಪಳಗಿರಬೇಕು, ಎಲ್ಲಿ ಚುಚ್ಚಿದರೆ ರಕ್ತ ಬರುವುದಿಲ್ಲ ಎಂದು ಆ ಕೈಗೆ ಗೊತ್ತಿರಬೇಕು. ಮಾವನ ಕೈಗೆ ಗೊತ್ತಿತ್ತು. ಆದರೆ ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು. ಕಾಫಿಯ ಲೋಟ ತಟ್ಟೆಗೆ ತಾಗಿ ಟಣಟಣ ಅನ್ನುವುದನ್ನು ಮನೆಯವರೆಲ್ಲ ದಿನಾ ಕೇಳುತ್ತಿದ್ದೆವು. ಬೇರೆಯವರನ್ನು ಕರೆಸೋಣ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಧೈರ್ಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಊರಿನ ಗುಡಿಯಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಬಲಗಾಲು ಮಡಚಲು ಬಾರದೆ ಮುಂದಕ್ಕೆ ಚಾಚಿಕೊಂಡಿತ್ತು. ಒಡಪು ಹೇಳಬೇಕಾದವಳು ನಾನೇ, ಅವಳ ಎದುರಿಗೆ ಎರಡು ಮಾರು ದೂರದಲ್ಲಿ ನಿಂತೆ. ಮಾವ ಕೆನ್ನೆಗೆ ವಿಭೂತಿ ಉಜ್ಜಿದರು, ಸೂಜಿ ಎತ್ತಿದರು. ಸೂಜಿಯ ತುದಿ ಗಾಳಿಯಲ್ಲಿ ಕುಣಿಯುತ್ತಿತ್ತು. ಅಕ್ಕ ಸೂಜಿಯನ್ನು ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. ರೆಪ್ಪೆ ಹೊಡೆಯದೆ, ಏನೋ ಕೇಳಿ ಉತ್ತರಕ್ಕೆ ಕಾಯುವವರ ಹಾಗೆ ನೋಡುತ್ತಿದ್ದಳು. ಸಂದಿ ಇತ್ತು ಮಾವ ಎಂಬ ಮೂರು ಮಾತು ಗಂಟಲಿನವರೆಗೆ ಬಂದವು. ನಾನು ಅದರ ಮೇಲೆ ಒಡಪನ್ನು ಎತ್ತಿ ಇನ್ನೂ ಜೋರಾಗಿ ಹೇಳಿದೆ.

ಸೂಜಿ ಹೋಯಿತು. ಹೊರಬಂದ ಕಡೆ ಒಂದು ತೊಟ್ಟು ಕಾಣಿಸಿತು, ಆಮೇಲೆ ಇನ್ನೊಂದು, ಆಮೇಲೆ ಸಣ್ಣ ಎಳೆಯಾಗಿ ವಿಭೂತಿಯ ಮೇಲೆ ಗಲ್ಲದವರೆಗೆ ಇಳಿಯಿತು. ಮಾವ ತಮ್ಮ ಕೈಯನ್ನು ಪಂಚೆಯೊಳಗೆ ಮುಚ್ಚಿಕೊಂಡರು. ರಕ್ತ ಬಂದದ್ದು ತನ್ನ ಕೈಯಿಂದ ಎಂದು ಆ ಮನುಷ್ಯನಿಗೆ ಗೊತ್ತಿತ್ತು, ನನ್ನ ಬಾಯಿಯಿಂದ ಎಂದು ನನಗೆ ಗೊತ್ತಿದ್ದ ಹಾಗೆಯೇ. ಇಬ್ಬರೂ ಸುಮ್ಮನಿದ್ದೆವು. ನಾವಿಬ್ಬರೂ ಒಂದೇ ಮನೆಯವರು ಎಂದು ನನಗೆ ಅವತ್ತೇ ಅನ್ನಿಸಿದ್ದು.

ಅಕ್ಕ ತಪ್ಪೊಪ್ಪಿಕೊಂಡಳು. ಅದೇ ಆಶ್ಚರ್ಯ. ಆಣೆ ಮಾಡಿ ಇಲ್ಲ ಎಂದವಳು, ಅಡ್ಡಬಿದ್ದು ನನ್ನದೇ ತಪ್ಪು ಎಂದಳು. ತನ್ನ ಗಗ್ಗರವನ್ನು ಮಾವನ ಮುಂದೆ ಇಟ್ಟಳು. ಮಾವ ಅದನ್ನು ನನಗೆ ಕೊಟ್ಟರು, ಇನ್ನು ಅವಳ ಜಾಗವೂ ನಿನ್ನದೇ ಎಂದರು. ನನಗೆ ಖುಷಿಯಾಯಿತು. ಒಳಗೊಳಗೇ ಹೆದರಿಕೆ ಇದ್ದರೂ ಖುಷಿಯೇ ಹೆಚ್ಚಾಗಿತ್ತು, ಅದನ್ನು ಈಗ ಇಲ್ಲ ಎಂದರೆ ಯಾರೂ ನಂಬುವುದು ಬೇಡ.

ಅಲ್ಲಿಂದ ನಾನು ಒಡಪನ್ನು ಇನ್ನೊಬ್ಬಳಿಗೆ ಬಿಟ್ಟು ತಂಡದ ಮುಂದಿನವಳಾದೆ. ಅಕ್ಕನ ಎತ್ತರ ನನಗೆ ಬರಲಿಲ್ಲ, ಆದರೆ ಹಾರಿದೆ, ಫೋಟೋದಲ್ಲೂ ಬಂದೆ. ಅವಳು ಊರುಗೋಲು ಹಿಡಿದು ಎಲ್ಲ ಕಾರ್ಯಕ್ರಮಕ್ಕೂ ನಮ್ಮ ಜೊತೆ ಬರತೊಡಗಿದಳು. ಮನೆಯಲ್ಲಿರು ಎಂದರೆ ಕೇಳುತ್ತಿರಲಿಲ್ಲ. ಹೋದ ಕೂಡಲೇ ಅವಳ ಮೊದಲ ಕೆಲಸ ವೇದಿಕೆ ಹತ್ತುವುದು. ಒಂದೊಂದೇ ಹೆಜ್ಜೆ ಇಟ್ಟು, ಕೋಲಿನಿಂದ ಕುಟ್ಟಿ, ಮೂಲೆಯಿಂದ ಮೂಲೆಗೆ ಹಲಗೆಯನ್ನೆಲ್ಲ ತುಳಿದು ನೋಡುತ್ತಿದ್ದಳು. ಇಳಿದು ಬಂದು, ಸಮ ಇದೆ, ಹತ್ರಿ ಎನ್ನುತ್ತಿದ್ದಳು. ತನ್ನ ತಪ್ಪಿಗೆ ತನ್ನ ಕಾಲು ಹೋಯಿತು, ಬೇರೆಯವರದು ಹೋಗಬಾರದು ಅನ್ನುತ್ತಾಳೆ, ಎಂಥ ದೊಡ್ಡ ಮನಸ್ಸು ಎಂದು ಅವಳ ಬೆನ್ನಿಗೆ ಮೈಲಿಗೆ ಕಟ್ಟಿದ ಅದೇ ಹೆಂಗಸರು ಹೊಗಳಿದರು. ನಾನೂ ಹಾಗೇ ಅಂದುಕೊಂಡೆ. ನೋವಿನ ಮೇಲೆ ನೋವು ತಿಂದು ಮೆತ್ತಗಾಗಿದ್ದಾಳೆ ಎಂದು ಸ್ವಲ್ಪ ಮೂಗೂ ಮುರಿದೆ.

ಹೋದ ವರ್ಷ ಅಜ್ಜಂಪುರದಲ್ಲಿ ಕಾರ್ಯಕ್ರಮ ಇತ್ತು. ಶಾಲೆಯ ಬಯಲಿನಲ್ಲಿ ವೇದಿಕೆ, ನಾವು ಬಣ್ಣ ಹಚ್ಚಿಕೊಳ್ಳಲು ಒಂದು ಕ್ಲಾಸ್‌ರೂಮು. ಉಳಿದವರು ಹೊರಗೆ ಉಪ್ಪಿಟ್ಟು ತಿನ್ನುತ್ತಿದ್ದರು. ಸೊಂಟ ಹಿಡಿದುಕೊಂಡಿದ್ದರಿಂದ ನನಗೆ ಬಗ್ಗಿ ಗಗ್ಗರ ಕಟ್ಟಲು ಆಗುತ್ತಿರಲಿಲ್ಲ. ಅಕ್ಕ ಬೆಂಚಿನ ಮೇಲೆ ಕುಳಿತು, ಇಲ್ಲಿಡು ಎಂದು ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ದಾರ ಬಿಗಿದಳು. ಬಿಗಿದ ಮೇಲೂ ಕಾಲು ಬಿಡಲಿಲ್ಲ, ಕೀಲಿನ ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಒತ್ತುತ್ತಿದ್ದಳು.

ಮಗಳು ಅವತ್ತು ತರೀಕೆರೆಯಲ್ಲಿ ಮೊದಲಿಂದ ವಿಡಿಯೋ ತೆಗೆದಿದ್ದಳು ಎಂದು ಅಕ್ಕ ಹೇಳಿದಳು. ಎಲ್ಲಿಂದ ಎಂದು ನಾನು ಕೇಳುವ ಮೊದಲೇ ಬಿಡಿಸಿ ಹೇಳಿದಳು. ನಾನು ಮೈಕು ಸರಿಮಾಡಲು ಹತ್ತಿದಾಗಿನಿಂದ. ನಾನು ಮುಗ್ಗರಿಸಿದ್ದು, ಬಗ್ಗಿ ನೋಡಿದ್ದು, ಕಾಲ ತುದಿಯಿಂದ ಮ್ಯಾಟು ಎಳೆದು ಮುಚ್ಚಿದ್ದು, ಎಲ್ಲವೂ ಅದರಲ್ಲಿದೆ. ಮಂಚದ ಮೇಲೆ ನಾಲ್ಕು ತಿಂಗಳು ಅವಳು ನೋಡುತ್ತಿದ್ದದ್ದು ಅದನ್ನೇ. ಆಸ್ಪತ್ರೆಯಲ್ಲಿ ನಾನು ಮಾವನಿಗೆ ಹೇಳಿದ ಮಾತೂ ಅವಳಿಗೆ ಕೇಳಿಸಿತ್ತು. ನನ್ನ ಕಾಲು ಅವಳ ತೊಡೆಯ ಮೇಲೆ ಮರಗಟ್ಟಿತು.

“ಗುಡೀಲಿ ನೀನು ಹೇಳ್ತೀಯ ಅಂತ ಕಾದೆ ಕಣೇ,” ಎಂದಳು. “ಸೂಜಿ ಕೆನ್ನೆ ಒಳಕ್ಕೆ ಹೋಗೋಗಂಟ ಕಾದೆ.”

ನಾನು ಅತ್ತೆ. ಅಕ್ಕ, ಮಾವನಿಗೆ ಹೇಳಿಬಿಡು, ಎಲ್ಲರ ಮುಂದೆ ಆ ವಿಡಿಯೋ ತೋರಿಸಿಬಿಡು ಎಂದೆ. ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದೂ ಕೇಳಿದೆ.

“ತೋರ್ಸಿದ್ರೆ ನಿನ್ನ ತಂಡದಿಂದ ಕಿತ್ತಾಕ್ತಿದ್ರು. ನೀನು ಮನೇಲಿ ಆರಾಮಾಗಿ ಕೂತ್ಕೋತಿದ್ದೆ. ನಂಗೆ ನೀನು ಕುಣೀಬೇಕು.”

ನನ್ನ ಮುಖದ ಬಣ್ಣ ಕಲಸಿಹೋಗಿತ್ತು. ಅವಳೇ ಸೆರಗಿನಿಂದ ಒರೆಸಿ, ಬೊಟ್ಟು ಸರಿಮಾಡಿ, ಕೋಲು ಊರಿಕೊಂಡು ಎದ್ದಳು. ಇನ್ನೂ ಹಲಗೆ ನೋಡಿಲ್ಲ, ನೋಡಿ ಬರ್ತೀನಿ ಎಂದು ಹೋದಳು. ಕಿಟಕಿಯಿಂದ ಕಾಣುತ್ತಿತ್ತು. ಎಂದಿನ ಹಾಗೆಯೇ ಮೂಲೆಯಿಂದ ಮೂಲೆಗೆ ತುಳಿದಳು. ನಡುವಿನಿಂದ ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಬಗ್ಗಲು ಅವಳಿಗೆ ಆಗುವುದಿಲ್ಲ. ಕಾಲಿನ ತುದಿಯಿಂದ ಮ್ಯಾಟನ್ನು ಎಳೆದು ಸರಿಮಾಡಿದಳು. ಇಳಿದು ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಸಮ ಇದೆ. ಹತ್ರಿ.”

ಹತ್ತಿದೆ. ನನ್ನ ಜಾಗದಲ್ಲಿ ನಿಂತೆ. ಕೆಳಗೆ ಮುಂದಿನ ಸಾಲಿನಲ್ಲಿ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಬಲಗಾಲು ಚಾಚಿ ಕುಳಿತಿದ್ದಳು. ಸಮಾಳ ಏರಿತು. ವೀರಭದ್ರ ಹುಟ್ಟುವ ಒಡಪು ಬಂತು, ಹಾರುವ ಹೊತ್ತೂ ಬಂತು. ಅಕ್ಕ ನನ್ನ ಮುಖ ನೋಡಲಿಲ್ಲ, ನನ್ನ ಕಾಲನ್ನೇ ನೋಡುತ್ತಿದ್ದಳು. ನಾನು ಹಾರಲಿಲ್ಲ. ಇದ್ದಲ್ಲೇ ಕಾಲು ಸರಿಸಿ, ಹೆದರಿದ ಕೋಳಿಯ ಹಾಗೆ ಸುತ್ತಿ ಮುಗಿಸಿದೆ. ಹಿಂದಿನ ಸಾಲಿನಿಂದ ನಗು ಶುರುವಾಯಿತು.

ಕುಣಿತ ಬಿಟ್ಟುಬಿಡುತ್ತೇನೆ ಎಂದು ಮನೆಗೆ ಬಂದು ಮಾವನಿಗೆ ಹೇಳಿದೆ. ಬೇಡ ಮಾವ, ಅವಳ ಕಾಲು ಗಟ್ಟಿ ಇದೆ, ಹೆದರಿಕೆ ಅಷ್ಟೇ, ನಾನು ಧೈರ್ಯ ಹೇಳ್ತೀನಿ ಎಂದು ಅಕ್ಕ ಅಡ್ಡ ಬಂದಳು. ಈಗಲೂ ಕುಣಿಯುತ್ತಿದ್ದೇನೆ. ಎಲ್ಲೇ ಹೋದರೂ ಅವಳು ಮೊದಲು ಹತ್ತುತ್ತಾಳೆ, ತುಳಿಯುತ್ತಾಳೆ, ಮ್ಯಾಟು ಎಳೆಯುತ್ತಾಳೆ, ಸಮ ಇದೆ ಎನ್ನುತ್ತಾಳೆ. ಇಲ್ಲಿಯವರೆಗೆ ಪ್ರತಿಸಲವೂ ಸಮವಾಗಿಯೇ ಇದೆ. ಮುಂದಿನ ವಾರದ ಕಾರ್ಯಕ್ರಮ ತರೀಕೆರೆಯಲ್ಲಿದೆ.